ಪಾಸ್‌ಪೋರ್ಟಿನಲ್ಲಿ ಬರೆದ ಹೆಸರು

“ಗಂಗಾ! ಏ ಗಂಗಾ!”

ಅತ್ತೆ ಸೇತುಬಾಯಿ ಹೀಗೆ ಕೂಗಿದಾಗಲೆಲ್ಲ ಕೃಷ್ಣಾಬಾಯಿಯ ಗಂಟಲ ತನಕ “ಓ” ಬಂದು ನಿಲ್ಲುತ್ತಿತ್ತು. ಬಂದದ್ದನ್ನು ನುಂಗಿಕೊಂಡು ಅವಳು ಕೈಗೆಲಸ ಮುಂದುವರಿಸಬೇಕು. ಯಾಕೆಂದರೆ ಕರೆದದ್ದು ಅವಳನ್ನಲ್ಲ, ಅವಳ ವಾರಗಿತ್ತಿಯನ್ನು.

ಹೆಸರು ಮಾತ್ರ ಅವಳದೇ. ಕಂಪ್ಲಿಯ ಪ್ರಭಂಜನಾಚಾರ್ಯರ ಮಗಳು ಗಂಗಾ ಹನ್ನೊಂದನೆಯ ವಯಸ್ಸಿಗೆ ಹೊಸಪೇಟೆಯ ಈ ಮನೆಗೆ ಹಿರಿಯ ಸೊಸೆಯಾಗಿ ಬಂದಾಗ ಸೇತುಬಾಯಿಯ ಅತ್ತೆ ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು. ಆ ಅಜ್ಜಿಯ ಹೆಸರೂ ಗಂಗಾಬಾಯಿ. ಹಿರಿಯರ ಹೆಸರು ಹಿಡಿದು “ಏ ಗಂಗಾ, ಮುಸುರೆ ತಿಕ್ಕು” ಎಂದು ಸೊಸೆಯನ್ನು ಕೂಗುವುದುಂಟೆ? ಮದುವೆಯ ದಿನ ಗಂಡ ತಿರುಮಲರಾಯ ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದ: ಕೃಷ್ಣಾ. ಮದುವೆಯಾದ ಹುಡುಗಿಗೆ ಹೆಸರು ಬದಲಾಗುವುದು ಅವರ ಕಡೆಯ ಮನೆಗಳಲ್ಲೆಲ್ಲ ಇದ್ದದ್ದೇ. ಅವಳೂ ಅತ್ತಿರಲಿಲ್ಲ.

ಹತ್ತು ವರ್ಷದ ಮೇಲೆ ಅಜ್ಜಿ ತೀರಿಕೊಂಡರು. ಅವರ ವರ್ಷಾಂತ ಮುಗಿದದ್ದೇ ಮೈದುನ ಕಮಲಾಕರನ ಮದುವೆ. ಹುಡುಗಿ ಸಂಡೂರು ಸಂಸ್ಥಾನದ ದಫ್ತರದಾರರ ಮಗಳು, ವಿಜಯಲಕ್ಷ್ಮೀ. “ನಮ್ಮತ್ತಿ ಹೆಸರು ಈ ಮನ್ಯಾಗ ಉಳೀಬೇಕು” ಎಂದು ಸೇತುಬಾಯಿ ಹಟ ಹಿಡಿದರು. ಕಮಲಾಕರ ಅಕ್ಕಿಯ ಮೇಲೆ ಗಂಗಾ ಎಂದು ಬರೆದ. ಆ ತಟ್ಟೆ ಹಿಡಿದುಕೊಂಡು ನಿಂತವಳು ಕೃಷ್ಣಾಬಾಯಿಯೇ! ಒಬ್ಬರಾದರೂ ಅವಳ ಮುಖ ನೋಡಿ, ಇದು ಇವಳ ಹೆಸರಲ್ಲವೇ ಎನ್ನಲಿಲ್ಲ. ಮನೆಯಲ್ಲಿ ಯಾರಿಗೂ ಅದು ನೆನಪೇ ಇರಲಿಲ್ಲ.

ಅಂದಿನಿಂದ ಶುರುವಾದ ಹೊಟ್ಟೆಯುರಿ ಐದು ವರ್ಷವಾದರೂ ಆರಿರಲಿಲ್ಲ. ಗಂಗಾ ಎಂಬ ಎರಡಕ್ಷರದ ಕೂಗು ದಿನಕ್ಕೆ ನೂರು ಸಲ. ಗಂಗಾ ಉಂಡಳೇನು, ಗಂಗಾನ ತಲೆಗೆ ಎಣ್ಣೆ ಹಚ್ಚಿದಿರೇನು. ಈಗ ಅವಳಿಗೆ ಏಳನೆಯ ತಿಂಗಳು ಬೇರೆ. ಹದಿನಾರು ವರ್ಷದಲ್ಲಿ ಕೃಷ್ಣಾಬಾಯಿಯ ಮಡಿಲು ತುಂಬಿರಲಿಲ್ಲ. ನನ್ನ ಹೆಸರಿನ ಜೊತೆ ನನಗೆ ಬರಬೇಕಾದದ್ದನ್ನೂ ಹೊತ್ತುಕೊಂಡು ಹೋದಳಲ್ಲ ಎಂದು ಅವಳಿಗೆ ಅನ್ನಿಸಿಬಿಡುತ್ತಿತ್ತು.

ಯುಗಾದಿ ಮುಗಿದ ವಾರ ಮಾಳಿಗೆಯ ಮೇಲೆ ಸಂಡಿಗೆ ಇಡುವ ಕೆಲಸ. ಕೃಷ್ಣಾಬಾಯಿ ಬೆಳಗಿನಿಂದ ಹಿಟ್ಟು ಕುದಿಸಿ, ಪಾತ್ರೆ ಹೊತ್ತು ಮೇಲೆ ತಂದು, ಬಗ್ಗಿ ಬಗ್ಗಿ ಸೀರೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ಗಂಗಾಬಾಯಿ ಗೋಡೆಯ ನೆರಳಲ್ಲಿ ಕಾಲು ಚಾಚಿ ಕೂತು ಕಾಗೆ ಓಡಿಸುತ್ತಿದ್ದಳು.

“ನಾನೂ ನಾಕು ಇಡ್ತೀನಿ ಅಕ್ಕಾ,” ಎಂದು ಅವಳು ಎದ್ದಳು.

“ಬ್ಯಾಡ ಬ್ಯಾಡ, ಬಿಸಲಾಗ ಬಗ್ಗಬ್ಯಾಡ!” ಸೇತುಬಾಯಿ ಮೆಟ್ಟಿಲಿನಿಂದಲೇ ಕೂಗಿದರು. “ಅಕಿ ಇಡ್ತಾಳ, ಅಕಿಗೇನಾಗೇದ?”

ನನಗೇನಾಗಿದೆ, ಕಲ್ಲುಗುಂಡು! ಕೃಷ್ಣಾಬಾಯಿ ಮೂಗಿನ ಮೇಲಿನ ಬೆವರನ್ನು ತೋಳಿಗೆ ಒರೆಸಿಕೊಂಡು ಇನ್ನೊಂದು ಸಾಲು ಶುರುಮಾಡಿದಳು. ಆದರೆ ಆ ದಿನ ಅವಳ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸೊಂಟದಲ್ಲಿ ಕಂಪ್ಲಿಯಿಂದ ಬಂದ ಕಾಗದವಿತ್ತು. ಅಪ್ಪ ಯಾರ ಕೈಯಿಂದಲೋ ಬರೆಸಿದ್ದರು. ಒಂದು ಕಣ್ಣು ಹೋಗಿದೆ, ಇನ್ನೊಂದರಲ್ಲಿ ಮೊಳದಷ್ಟು ದೂರ ಕಾಣುತ್ತದೆ, ಮಳೆಗಾಲದ ತನಕ ಅದೂ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ, ಅಷ್ಟರೊಳಗೆ ಗಂಗಾ ಒಮ್ಮೆ ಬಂದು ಎದುರಿಗೆ ಕೂತು ಹೋಗಲಿ. ಪ್ಲೇಗಿನ ದೆಸೆಯಿಂದ ಅವಳು ಮೂರು ಬೇಸಿಗೆಯಿಂದ ತವರಿಗೆ ಹೋಗಿರಲಿಲ್ಲ.

ಸೇತುಬಾಯಿ ಕಾಗದ ಓದಿಸಿ ಕೇಳಿ ಒಪ್ಪಿದ್ದರು. “ಮೊದಲ ನೀ ಕಂಪ್ಲಿಗೆ ಎಂಟು ದಿನ ಹೋಗಿ ಬಾ. ಆಮ್ಯಾಲೆ ಎಲ್ಲಾರೂ ಗಂಗಾನ ಕರಕೊಂಡು ಸಂಡೂರಿಗೆ ಹೋಗೋಣು. ಬ್ಯಾಸಿಗಿ ಅಲ್ಲೇ ಕಳದು, ಬಾಣಂತನಾ ಮುಗಿಸಿಕೊಂಡು ಬರೋಣು.”

ಅಂದೇ ಅವಳು ಅಮ್ಮನಿಗೆಂದು ಒಂದು ಡಬ್ಬಿ ಸಂಡಿಗೆ ಬೇರೆ ಎತ್ತಿಟ್ಟಳು.

ತಿರುಮಲರಾಯ ತಾಲೂಕು ಕಚೇರಿಯ ಗುಮಾಸ್ತ. ಆ ವರ್ಷ ಅವನನ್ನು ಸ್ಟೇಷನ್ನಿನ ಬಳಿಯ ಪ್ಲೇಗು ಛಾವಣಿಗೆ, ಬಂದುಹೋಗುವವರ ತಪಾಸಣೆಯ ಬಿಡಾರಕ್ಕೆ, ಹಾಕಿದ್ದರು. ರಾಮನವಮಿಯ ದಿನ ಊಟಕ್ಕೆ ಬಂದವನು ಕೋಸಂಬರಿ ಕಲಸುತ್ತಾ ಸುದ್ದಿ ಹೇಳಿದ.

“ಇನ್ನ ಮುಂದ ಹೊಸಪೇಟಿ ಬಿಟ್ಟು ಹೊರಗ ಹೋಗೋರಿಗೆಲ್ಲಾ ಪಾಸ್‌ಪೋರ್ಟ್ ಬೇಕಂತ. ಪ್ಲೇಗಿನ ಊರಿನವರು ಅಲ್ಲೇನು ನಾವು! ಹೋದ ಊರಾಗ ಹತ್ತು ದಿನ, ದಿನಾ ಮುಂಜಾನೆ ಆ ಊರ ಮುನಸೀಫರ ಮುಂದ ನಿಂತು ಮುಖಾ ತೋರಿಸಬೇಕು.”

“ತೋರಿಸಿದರಾತು,” ಎಂದ ಕಮಲಾಕರ. ಅವನು ಹಂಪಿಯ ಗುಡಿಯೊಂದರಲ್ಲಿ ಪೂಜೆ ಮಾಡಿಕೊಂಡಿದ್ದವನು.

“ಅಷ್ಟ ಅಲ್ಲೋ. ಒಬ್ಬರಿಗೆ ಒಂದ ಪಾಸ್‌ಪೋರ್ಟ್, ಒಂದು ಪಾಸ್‌ಪೋರ್ಟಿಗೆ ಒಂದ ಊರು. ಈ ಬ್ಯಾಸಿಗಿಗೆಲ್ಲಾ ಸೇರಿ ಅಷ್ಟ. ಕಂಪ್ಲಿಗೆ ಹೋದವರು ಕಂಪ್ಲಿ, ಸಂಡೂರಿಗೆ ಹೋದವರು ಸಂಡೂರು.”

ಕೃಷ್ಣಾಬಾಯಿ ಪಾನಕದ ಚೊಂಬು ಕೆಳಗಿಟ್ಟಳು. ಅವಳು ಅತ್ತೆಯ ಮುಖ ನೋಡಿದಳು.

“ಹಂಗಾದ್ರ ಕಂಪ್ಲಿ ಮುಂದಿನ ವರ್ಷ ನೋಡೋಣು ಕೃಷ್ಣಾ,” ಎಂದರು ಸೇತುಬಾಯಿ, ಮಳೆ ಬಂದರೆ ಸಂಡಿಗೆ ನಾಳೆ ಇಡೋಣ ಎಂದಷ್ಟೇ ಸಲೀಸಾಗಿ.

“ಮುಂದಿನ ವರ್ಷದ ತನಕ ನಮ್ಮಪ್ಪನ ಕಣ್ಣು ಕಾಯ್ತಾವೇನ್ರಿ?”

“ಮತ್ತ ಬೀಗರ ಮನ್ಯಾಗ ನನ್ನ ಮಡಿ ಅಡಗಿ ಯಾರು ಮಾಡವರು? ಬಸುರಿ ಹುಡುಗಿ ಕೈಲೆ ಮಾಡಸಲೇನು?”

“ನಮ್ಮಪ್ಪಗ ನಾ ಒಬ್ಬಾಕಿನ ಮಗಳು.”

“ನನಗ ನೀ ಹಿರೀ ಸೊಸಿ. ಅದಕ್ಕ ಹೇಳ್ಲಿಕತ್ತೀನಿ.”

ಗಂಗಾಬಾಯಿ ಬಾಗಿಲ ಸಂದಿಯಿಂದ ಮೆಲ್ಲಗೆ ಹೇಳಿದಳು. “ಅಕ್ಕ ಕಂಪ್ಲಿಗೇ ಹೋಗ್ಲಿ ಬಿಡ್ರಿ ಅತ್ತ್ಯಾರ. ಸಂಡೂರಾಗ ನಮ್ಮವ್ವ ಇದ್ದಾಳಲ್ಲಾ, ನಿಮ್ಮ ಮಡಿ ಅಕಿ ನೋಡಿಕೋತಾಳ.”

“ನೋಡಿದಿರೇನು ಹುಡುಗಿ ಮನಸು!” ಸೇತುಬಾಯಿಯ ದನಿ ಬೆಣ್ಣೆಯಾಯಿತು. “ನೀ ಸುಮ್ಮನಿರವಾ, ಇದರಾಗ ನಿನ್ನ ತಪ್ಪೇನದ.”

ತಗೋ! ತಪ್ಪಿದ್ದು ನನ್ನ ತವರು, ದೊಡ್ಡ ಮನಸ್ಸಿನವಳೆಂಬ ಹೊಗಳಿಕೆ ಇವಳಿಗೆ. ಕೃಷ್ಣಾಬಾಯಿ ಗಂಡನ ಕಡೆ ತಿರುಗಿದಳು. ತಿರುಮಲರಾಯ ತಲೆ ಬಗ್ಗಿಸಿ ಮಜ್ಜಿಗೆ ಅನ್ನ ಕಲಸುವುದರಲ್ಲಿ ಮುಳುಗಿದ್ದ. ಅಂದು ಅವಳು ಊಟ ಮಾಡಲಿಲ್ಲ. ಯಾರೂ ಕೇಳಲೂ ಇಲ್ಲ.

ಎರಡು ದಿನ ಬಿಟ್ಟು ಅವನು ಮಧ್ಯಾಹ್ನ ಛಾವಣಿಯಿಂದ ನಾಲ್ಕು ಪಾಸ್‌ಪೋರ್ಟಿನ ಕಾಗದ ಹಿಡಿದುಕೊಂಡು ಬಂದ. ಗಂಗಾಬಾಯಿ, ಕಮಲಾಕರ ಮೊದಲು ಹೊರಡುವುದು, ಅತ್ತೆ ಮತ್ತು ಕೃಷ್ಣಾಬಾಯಿ ವಾರದ ಮೇಲೆ ಹೋಗುವುದು ಎಂದು ಗೊತ್ತಾಗಿತ್ತು. ನಡುಮನೆಯಲ್ಲಿ ಮಸಿಕುಡಿಕೆ ಇಟ್ಟುಕೊಂಡು ಬರೆಯುತ್ತಾ ಕೂತವನು ಹೆಂಡತಿಯನ್ನು ಕರೆದ.

“ಇಲ್ಲ್ ಬಾ. ಹೆಸರು ಬರಿಯೋದರಾಗ ಒಂದು ಕಟ್ಟಳೆ ಅದ. ಹೋದ ಊರಾಗ ಯಾವ ಹೆಸರಿಲೆ ಗುರುತು ಹಿಡೀತಾರೋ ಅದನ್ನ ಬರೀಬೇಕು. ಕಮಲಾಕರನ ಹೆಂಡತಿಗೆ ತವರಾಗ ಏನಂತ ಕರೀತಾರ? ಮದುವ್ಯಾಗ ಕೇಳಿದ್ದೆ, ಮರತದ. ಅಕಿನ ಕೇಳಿ ಬಂದು ಹೇಳು.”

ಕೃಷ್ಣಾಬಾಯಿ ಕೋಣೆಯ ಬಾಗಿಲಿಗೆ ಹೋದಳು. ಗಂಗಾಬಾಯಿ ಮಲಗಿದ್ದಳು. ಅತ್ತೆಯ ಬೀಸಣಿಗೆ ಅವಳ ತಲೆದೆಸೆಯಲ್ಲಿತ್ತು. ಇವಳನ್ನು ಎಬ್ಬಿಸಿ ಕೇಳುವುದೇನಿದೆ? ಸಂಡೂರಿನಿಂದ ತಿಂಗಳಿಗೊಂದು ಕಾಗದ ಬರುತ್ತದೆ, ಪ್ರತಿಯೊಂದರ ಮೇಲೂ ವಿಜಯಲಕ್ಷ್ಮೀ ಎಂದೇ ಇರುತ್ತದೆ. ಅಪ್ಪನ ಮನೆಯಲ್ಲಿ ಅವಳ ಹೆಸರು ಅವಳಿಗೆ ಭದ್ರವಾಗಿದೆ. ಇಲ್ಲಿ ನನ್ನದೂ ಅವಳಿಗೇ. ಒಬ್ಬಳಿಗೆ ಎರಡು, ಇನ್ನೊಬ್ಬಳಿಗೆ ಒಂದೂ ಇಲ್ಲ!

ಅವಳು ಹಿಂತಿರುಗಿ ಬಂದು ಕಂಬಕ್ಕೆ ಒರಗಿ ನಿಂತಳು.

“ಗಂಗಾಬಾಯಿ ಅಂತನ ಬರೀರಿ.”

“ತವರಾಗೂ ಹಂಗ ಕರೀತಾರೇನು?”

“ಹೂಂ.”

ಏನಾಗುತ್ತದೆಂದು ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಆದರೆ ಏನೂ ಆಗುವುದಿಲ್ಲವೆಂದು ತಿಳಿದು ಹಾಗೆ ಹೇಳಿದಳು ಎಂದರೆ ಅದು ಸುಳ್ಳು. ಏನಾದರೂ ಆಗಲಿ ಎಂದೇ ಹೇಳಿದಳು.

ಬುತ್ತಿ ಕಟ್ಟಿ, ಮಡಿಲು ತುಂಬಿ, ಗಾಡಿಗೆ ಹುಲ್ಲು ಹಾಸಿ ಗಂಗಾಬಾಯಿಯನ್ನು ಕಳಿಸಿಕೊಟ್ಟದ್ದು ಸೋಮವಾರ. ಗುರುವಾರ ಇಳಿಹೊತ್ತಿಗೆ ಅದೇ ಗಾಡಿ ಅದೇ ಬಾಗಿಲಿಗೆ ಬಂದು ನಿಂತಿತು. ಗಂಗಾಬಾಯಿಯ ಮುಖ ಬಿಸಿಲಿಗೆ ಕಪ್ಪಗಾಗಿ, ಕಾಲು ಬಾತು, ಇಳಿಯಲಾರದೆ ಗಾಡಿಯ ಗೂಟ ಹಿಡಿದುಕೊಂಡಿದ್ದಳು.

“ಏನಾತೋ? ಯಾಕ ಬಂದ್ರೋ?” ಸೇತುಬಾಯಿ ಮಡಿಯನ್ನೂ ಮರೆತು ಬೀದಿಗೆ ಓಡಿದರು.

ಕಮಲಾಕರ ಒಂದೇ ಉಸಿರಿಗೆ ಹೇಳಿದ. “ಸಂಡೂರಿನ ಗುಡ್ಡದ ಗಂಡ್ಯಾಗ ತಪಾಸಣಿ ನಾಕಾ ಹಾಕ್ಯಾರ. ದಫ್ತರದಾರ್ರ ಮಗಳು ವಿಜಯಲಕ್ಷ್ಮೀ ಬರೋದು ನಮಗ ಗೊತ್ತದ, ಈ ಗಂಗಾಬಾಯಿ ಯಾರು, ಬ್ಯಾರೆಯವರ ಪಾಸ್‌ಪೋರ್ಟ್ ತಂದೀರಿ ಅಂದ್ರು. ನನ್ನ ಮರದ ಕೆಳಗ ಬಿಟ್ರು, ಇಕಿನ್ನ ನಾಕಾದ ಚಪ್ಪರದಾಗ ಕೂಡಿಸಿದ್ರು. ಮಾವ ಬಂದು ಗುರುತು ಹೇಳೋದರಾಗ ಚಪ್ಪರದಾಗಿದ್ದ ಒಬ್ಬ ಮುದುಕಿಗೆ ಜ್ವರ ಬಂತು. ಅಲ್ಲಿದ್ದವರನ್ನ ಯಾರನ್ನೂ ಮ್ಯಾಲ ಬಿಡೂದಿಲ್ಲ ಅಂತ ಹಿಂದ ಕಳಿಸಿಬಿಟ್ರು.”

“ಅಯ್ಯೋ ನನ್ನ ಕೂಸ! ಯಾರ ಕಣ್ಣು ಬಿತ್ತೋ!” ಎಂದು ಸೇತುಬಾಯಿ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಒಲೆಯ ಮುಂದೆ ಕೂತಿದ್ದ ಕೃಷ್ಣಾಬಾಯಿಗೆ ಆ ಘಾಟು ನೇರ ಮೂಗಿಗೆ ಬಡಿದು ಕೆಮ್ಮು ಬಂತು.

ಬಿಸಿನೀರು ಕಾಸಿ ಗಂಗಾಬಾಯಿಯ ಕಾಲಿಗೆ ಹಾಕಿದವಳು ಅವಳೇ. ಬೆರಳೊತ್ತಿದರೆ ಬಾತ ಮಾಂಸದಲ್ಲಿ ಕುಳಿ ಬೀಳುತ್ತಿತ್ತು.

“ಎರಡು ದಿನಾ ಆ ಚಪ್ಪರದಾಗ ಕೂಡ್ಲಿಕ್ಕೆ ನೆರಳಿಲ್ಲ, ಮಲಗ್ಲಿಕ್ಕೆ ಜಾಗಿಲ್ಲ ಅಕ್ಕಾ,” ಎಂದಳು ಗಂಗಾಬಾಯಿ. “ನಿಮ್ಮ ಕೈ ಸಾರು ನೆನಸಿಕೊಂಡು ಕುಂತಿದ್ದೆ.”

ಅಂದು ಅವಳು ಸಾರನ್ನ, ಕರಿದ ಬಾಳಕದ ಮೆಣಸಿನಕಾಯಿ ಹಚ್ಚಿಕೊಂಡು ಮೂರು ಸಲ ಬಡಿಸಿಕೊಂಡು ಉಂಡಳು. ಅತ್ತೆ ಪಕ್ಕದಲ್ಲಿ ಕೂತು ಗಾಳಿ ಹಾಕಿದರು. ಕೃಷ್ಣಾಬಾಯಿಗೆ ಬಡಿಸುತ್ತಾ ಎದೆ ಚುಚ್ಚುತ್ತಿತ್ತು, ಗಾಳಿ ಹಾಕುವುದನ್ನು ನೋಡಿ ಉರಿಯುತ್ತಲೂ ಇತ್ತು. ಎರಡೂ ಒಟ್ಟಿಗೆ ಹೇಗೆ ಆಗುತ್ತವೆಂದು ಅವಳಿಗೇ ತಿಳಿಯಲಿಲ್ಲ.

ಹಿತ್ತಲಲ್ಲಿ ಕೈ ತೊಳೆಯುವಾಗ ತಿರುಮಲರಾಯ ಕೇಳಿದ. “ನಾ ಅಕಿನ ಕೇಳಿ ಹೇಳು ಅಂದಿದ್ದೆ.”

“ಹೂಂ.”

“ಅಕಿ ಏನಂದಿದ್ಲು?”

ಕೃಷ್ಣಾಬಾಯಿ ನೀರು ಹೊಯ್ಯುತ್ತಲೇ ಇದ್ದಳು. ಕೈ ತೊಳೆದಾದ ಮೇಲೂ ಹೊಯ್ದಳು. ಅವನು ಅವಳನ್ನೊಮ್ಮೆ ನೋಡಿ, ಪಂಚೆಗೆ ಕೈ ಒರೆಸಿಕೊಂಡು ಒಳಗೆ ಹೋದ. ಬೈದಿದ್ದರೆ ಅವಳಿಗೆ ಸಲೀಸಾಗುತ್ತಿತ್ತು.

ಅದಾದ ನಾಲ್ಕು ದಿನಕ್ಕೆ ಪಕ್ಕದ ಮನೆಯ ಅಟ್ಟದಿಂದ ಸತ್ತ ಇಲಿ ಬಿತ್ತು. ಮೂರು ಬೇಸಿಗೆ ನೋಡಿದ ಜನಕ್ಕೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓಣಿಗೆ ಓಣಿಯೇ ಗಂಟುಮೂಟೆ ಕಟ್ಟಿತು. ಹಂಪಿಯ ಮಂಟಪಗಳಲ್ಲಿ ಆಗಲೇ ಕಾಲಿಡಲು ಜಾಗವಿಲ್ಲ, ಕಂಬಕ್ಕೊಂದು ಒಲೆ ಎಂದು ಕಮಲಾಕರ ಸುದ್ದಿ ತಂದ.

“ಸಂಡೂರಿಗೇ ಹೋಗೋಣು. ಈ ಸಲ ವಿಜಯಲಕ್ಷ್ಮೀ ಅಂತ ಬರದುಕೊಡು,” ಎಂದರು ಸೇತುಬಾಯಿ.

“ಇನ್ನೂ ಹೋಗಿ ಮುಟ್ಟಲಾರದವರಿಗೆ ಊರು ತಿದ್ದಬಹುದು ಅವ್ವಾ, ಹೆಸರು ತಿದ್ದೋ ಹಂಗಿಲ್ಲ. ಸಹಿ ಬಿದ್ದುಬಿಟ್ಟದ,” ಎಂದ ತಿರುಮಲರಾಯ. “ಸಂಡೂರು ಅಂತ ಇದ್ದದ್ದನ್ನ ಹೊಡದು ಕಂಪ್ಲಿ ಅಂತ ಮಾಡಸ್ತೀನಿ. ಮೂರೂ ಮಂದಿ ಆಚಾರ್ರ ಮನಿಗೇ ಹೋಗ್ರಿ. ನಾ ಛಾವಣಿ ಬಿಟ್ಟು ಬರೋ ಹಂಗಿಲ್ಲ, ಕಮಲಾಕರಗ ಗುಡಿ ಅದ.”

“ಕಂಪ್ಲಿಗೇನು? ಇಬ್ಬರು ಮುದುಕರ ಮನಿ. ಅಲ್ಲಿ ಬಸುರಿಗೆ ಏನನುಕೂಲ ಅದ?” ಎಂದು ಸೇತುಬಾಯಿ ಗೊಣಗಿದರು. ಆದರೆ ಬೇರೆ ದಾರಿಯಿರಲಿಲ್ಲ.

ಕೃಷ್ಣಾಬಾಯಿ ಹಿಗ್ಗಿಬಿಟ್ಟಳು. ಸಂಡಿಗೆ ಡಬ್ಬಿಯನ್ನು ಎಲ್ಲಕ್ಕೂ ಮೊದಲು ಗಂಟಿನೊಳಗೆ ಸೇರಿಸಿದಳು. ಆಗ ಗಂಡ ಅಡಿಗೆಮನೆಗೆ ಬಂದು ದನಿ ತಗ್ಗಿಸಿದ.

“ಒಂದು ಮಾತು. ಅವ್ವಗ ಹೇಳಬ್ಯಾಡ, ಕೇಳಿದ್ರ ಮನಿ ಬಿಟ್ಟು ಕದಲೂದಿಲ್ಲ. ಗಂಗಾಬಾಯಿ ಪಾಸ್‌ಪೋರ್ಟಿನ ಮ್ಯಾಲೆ ನಾಕಾದವರು ಕೆಂಪು ಶಾಯಿಲೆ ಬರದಾರ. ಜ್ವರದವರ ಜೋಡಿ ಇದ್ದಾಕಿ, ಹತ್ತು ದಿನ ಊರ ಹೊರಗ ಬ್ಯಾರೆ ಇಡಬೇಕು ಅಂತ. ಆ ಮುದುಕಿಗೆ ಬಂದದ್ದು ಬರೇ ಚಳಿಜ್ವರ ಅಂತ ಡಾಕ್ಟರು ಆಮ್ಯಾಲೆ ಹೇಳ್ಯಾರ, ಛಾವಣಿಗೆ ಕಾಗದಾನೂ ಬಂದದ. ಆದ್ರ ಬರದದ್ದನ್ನ ಅಳಸೋ ಅಧಿಕಾರ ನನಗಿಲ್ಲ.”

“ಅಂದ್ರ ಅಕಿ ಮನಿಗೆ ಬರೂದಿಲ್ಲೇನು?”

“ಹತ್ತು ದಿನ ಇಲ್ಲ. ಊರ ಮುಂದಿನ ತಟ್ಟಿ ಗುಡಸಲಾಗ ಇಡ್ತಾರ. ನೀ ಸ್ವಲ್ಪ ನೋಡಿಕೋ. ಇನ್ನೊಂದು, ನಿನ್ನ ಪಾಸ್‌ಪೋರ್ಟಿನಾಗ ಕೃಷ್ಣಾಬಾಯಿ ಅಂತ ಅದ. ಅಲ್ಲಿ ನಿನಗ ಗಂಗಾ ಅಂತಾರಲ್ಲಾ, ಮುನಸೀಫರಿಗೆ ಬಿಡಿಸಿ ಹೇಳು.”

ಪಾಪ ಎನ್ನಿಸಬೇಕಿತ್ತು. ಮೊದಲು ಅನ್ನಿಸಿದ್ದು ಅದಲ್ಲ. ಹತ್ತು ದಿನ ಅಪ್ಪನ ಮನೆಯಲ್ಲಿ ಅವಳಿರುವುದಿಲ್ಲ! ಅಪ್ಪನ ಎದುರಿಗೆ ನಾನೊಬ್ಬಳೇ. ಅಪ್ಪ ಗಂಗಾ ಎಂದು ಕೂಗಿದರೆ ಓ ಎನ್ನುವವಳು ನಾನೊಬ್ಬಳೇ. ಇಷ್ಟು ಯೋಚಿಸಿದ ಮೇಲೆ ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಸಂತೋಷ ಹೋಗಲಿಲ್ಲ.

ಬೆಳಗಿನ ಜಾವ ಬಿಟ್ಟ ಗಾಡಿ ಬಿಸಿಲೇರುವ ತನಕ ಕಂಪ್ಲಿಯ ದಾರಿಯಲ್ಲಿ ಕುಲುಕಾಡಿತು. ಪ್ರತಿ ಕುಲುಕಿಗೂ ಗಂಗಾಬಾಯಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಆಮೇಲೆ ಕೃಷ್ಣಾಬಾಯಿಯ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಹೋಗಿ ಹೋಗಿ ನನ್ನ ಭುಜವೇ ಬೇಕಾಯಿತೇ ಇವಳಿಗೆ! ಎಬ್ಬಿಸಲು ಕೈಯೆತ್ತಿದವಳು, ಮುಖದ ಮೇಲೆ ಕೂರುತ್ತಿದ್ದ ನೊಣ ಓಡಿಸಿ ಕೈ ಇಳಿಸಿದಳು.

ಬಾಳೆತೋಟ ದಾಟಿದ್ದೇ ಹೊಳೆಯ ತಂಪು ಮೂಗಿಗೆ ಬಂತು. ಆಚೆ ಅಪ್ಪನ ಮನೆಯ ಬೇವಿನ ಮರ ಕಾಣಿಸಿತು. ಊರ ಬಾಯಲ್ಲಿ ದಾರಿಗೆ ಅಡ್ಡ ಹಗ್ಗ. ಹುಣಸೆಯ ಮರದ ಕೆಳಗೆ ಮಂಚ ಹಾಕಿಕೊಂಡು ಮುನಸೀಫ ಕೊಟ್ರಬಸಪ್ಪ, ಪಕ್ಕದಲ್ಲಿ ಇಂಗ್ಲಿಷು ಬಲ್ಲ ಕರಣಿಕ. ಬಲಗಡೆ ಒಂದೂ ಮರವಿಲ್ಲದ ಹೊಲದಲ್ಲಿ ಒಂದು ತಟ್ಟಿಯ ಗುಡಿಸಲು, ಅದರ ಸುತ್ತ ಹತ್ತು ಮಾರು ದೂರ ಇನ್ನೊಂದು ಹಗ್ಗ ಬಿಗಿದಿತ್ತು.

ಗಾಡಿಯಿಂದ ಇಳಿದ ಕೃಷ್ಣಾಬಾಯಿಯನ್ನು ಕೊಟ್ರಬಸಪ್ಪ ನೋಡಿದವನೇ ಎದ್ದು ನಿಂತ.

“ಏ, ಆಚಾರ್ರ ಮಗಳಲ್ಲೇನವಾ ನೀನು? ಗಂಗವ್ವಾ! ಎಷ್ಟು ವರ್ಷಾತವಾ ಈ ಕಡೆ ಬಂದು! ನಿಮ್ಮಪ್ಪ ದಿನಾ ಹಾದಿ ನೋಡ್ತಾನ.”

ಹದಿನಾರು ವರ್ಷದ ಹಿಂದೆ ಬಿಟ್ಟುಹೋದದ್ದು ಊರ ಬಾಯಲ್ಲೇ ಸಿಕ್ಕಿತಲ್ಲ! ಕೃಷ್ಣಾಬಾಯಿಯ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕರಣಿಕ ಕಾಗದಗಳನ್ನು ಬಿಡಿಸಿ ಓದತೊಡಗಿದ. ಸೇತುಬಾಯಿಯದು ಸರಿಯಾಗಿತ್ತು. ಎರಡನೆಯದಕ್ಕೆ ಬಂದವನು ಹುಬ್ಬು ಗಂಟಿಕ್ಕಿ ಕೆಂಪು ಶಾಯಿಯ ಮೇಲೆ ಬೆರಳಿಟ್ಟ.

“ಗಂಗಾಬಾಯಿ. ಜ್ವರದವರ ಜೊತೆಯಲ್ಲಿದ್ದವಳು. ಹತ್ತು ದಿನ ಊರ ಹೊರಗೆ ಪ್ರತ್ಯೇಕ ಇಡತಕ್ಕದ್ದು.”

ಕೊಟ್ರಬಸಪ್ಪನ ಮುಖ ಇಳಿಯಿತು. ಅವನು ನೋಡಿದ್ದು ಕೃಷ್ಣಾಬಾಯಿಯನ್ನು. “ಅಯ್ಯೋ ಗಂಗವ್ವಾ! ಮನಿ ಬಾಗಲಿಗೆ ಬಂದು ಹಿಂಗಾತಲ್ಲವಾ. ನಾ ಏನು ಮಾಡ್ಲಿ, ಸರಕಾರದ ಹುಕುಂ ಐತಿ. ಹತ್ತು ದಿನ ಆ ಗುಡಸಲಾಗ ಇರಬೇಕಾಗತೈತಿ ತಾಯಿ.” ಕರಣಿಕ ಮೂರನೆಯ ಕಾಗದದ ಹೆಸರೂ ಓದಿದ ಮೇಲೆ ಗಾಡಿಯಲ್ಲಿದ್ದ ಗಂಗಾಬಾಯಿಯ ಕಡೆ ತಿರುಗಿ, “ಈಕಿ ಆ ಕೃಷ್ಣಾಬಾಯಿ ಏನು? ಬಸುರಿ ಹೆಣಮಗಳು. ಒಳಗ ಹೋಗ್ಲಿ, ಬಿಡ್ರಿ,” ಎಂದ.

“ಅಲ್ಲಪ್ಪಾ, ಗಂಗಾ ಅಂದ್ರ...” ಸೇತುಬಾಯಿ ಬಾಯಿ ತೆರೆದರು.

ಒಂದು ಮಾತು ಸಾಕಿತ್ತು. ಗಂಗಾ ನಾನಲ್ಲ, ಅವಳು. ಅಷ್ಟು ಹೇಳಿದರೆ ಇನ್ನು ಅರ್ಧ ಗಳಿಗೆಯಲ್ಲಿ ಅಪ್ಪನ ಎದುರಿಗೆ, ಮೊಳದ ಅಂತರದಲ್ಲಿ ಕೂತಿರಬಹುದು. ನಿಜವನ್ನೇ ಹೇಳಿದಂತಾಗುತ್ತದೆ, ಪಾಪವೂ ಇಲ್ಲ. ಕೃಷ್ಣಾಬಾಯಿ ಹೊಲದ ಕಡೆ ನೋಡಿದಳು. ತಟ್ಟಿಯ ಮೇಲೆ ಬಿಸಿಲು ಕುದಿಯುತ್ತಿತ್ತು. ಗಾಡಿಯ ಅಂಚಿನಿಂದ ಇಳಿಬಿಟ್ಟ ಗಂಗಾಬಾಯಿಯ ಕಾಲು ಇನ್ನೂ ಬಾತೇ ಇತ್ತು. ನಾಕಾದ ಚಪ್ಪರದಲ್ಲಿ ಎರಡು ದಿನ ಇವಳನ್ನು ಕೂಡಿಸಿದವಳು ನಾನು. ಇನ್ನೂ ಹತ್ತು ದಿನ ಕೂಡಿಸಲೇ?

“ಹೌದು,” ಎಂದಳು. “ಗಂಗಾ ನಾನು.”

ಸೇತುಬಾಯಿ ಮಾತು ಮುಗಿಸುವ ಮೊದಲೇ ಅವಳು ಅವರ ಕಡೆ ತಿರುಗಿದಳು.

“ನಡೀರಿ ಅತ್ತ್ಯಾರ. ಕೃಷ್ಣಾನ್ನ ಕರಕೊಂಡು ಮನಿಗೆ ಹೋಗ್ರಿ. ಅಕಿನ್ನ ಬಿಸಲಾಗ ಕೂಡಿಸಬ್ಯಾಡ್ರಿ.”

ಗಂಗಾಬಾಯಿ “ಅಕ್ಕಾ!” ಎಂದು ಗಾಡಿಯಿಂದ ಇಳಿಯಹೋದಳು. ಸೇತುಬಾಯಿ ಅವಳ ತೋಳು ಹಿಡಿದು ಕೂಡಿಸಿದರು. ಆಮೇಲೆ ಹಿರಿಯ ಸೊಸೆಯನ್ನು ನೋಡಿದರು. ಇಷ್ಟು ವರ್ಷದಲ್ಲಿ ಅಷ್ಟು ಹೊತ್ತು ಅವಳ ಮುಖವನ್ನು ಅವರು ನೋಡಿದ್ದೇ ಇಲ್ಲ. ತಮ್ಮ ಮಡಿನೀರಿನ ತಾಮ್ರದ ತಂಬಿಗೆಯನ್ನು ಅವಳ ಕೈಗಿಟ್ಟರು. ಆ ತಂಬಿಗೆಯನ್ನು ಮನೆಯಲ್ಲಿ ಇನ್ನೊಬ್ಬರು ಮುಟ್ಟಿದ್ದಿಲ್ಲ.

“ಕುಡಿ,” ಎಂದರು. “ನಿನ್ನ ಹತ್ರನ ಇರಲಿ.”

ಗಾಡಿ ಬೇವಿನ ಮರದ ಕಡೆ ಹೋಯಿತು. ಗುಡಿಸಲಲ್ಲಿ ಒಂದು ಚಾಪೆ, ಒಂದು ಮಡಕೆ. ಕೂತರೆ ನೆಲ ಸುಡುತ್ತಿತ್ತು. ಹೊಟ್ಟೆಯುರಿ ಹೋಯಿತೇ ಎಂದರೆ, ಎಲ್ಲಿ ಹೋಗುತ್ತದೆ! ಈಗ ಅಮ್ಮ ಅವಳ ಕಾಲಿಗೆ ನೀರು ಕೊಟ್ಟಿರುತ್ತಾಳೆ. ಮಾವಿನಕಾಯಿ ಗೊಜ್ಜು ಬಡಿಸಿರುತ್ತಾಳೆ. ನಾನು ತಂದ ಸಂಡಿಗೆಯನ್ನು ಕರಿದು ಅವಳ ಎಲೆಗೇ ಹಾಕಿರುತ್ತಾಳೆ. ಕೃಷ್ಣಾಬಾಯಿ ಒಂದೊಂದನ್ನೇ ನೆನೆದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಸಾಕಾದ ಮೇಲೆ ತಂಬಿಗೆಯ ನೀರು ಕುಡಿದಳು.

ಬಿಸಿಲು ಇಳಿದಾಗ ಹಗ್ಗದ ಆಚೆ ಇಬ್ಬರು ಬಂದು ನಿಂತರು. ಗಂಗಾಬಾಯಿ, ಅವಳ ಭುಜದ ಮೇಲೆ ಕೈಯಿಟ್ಟುಕೊಂಡು ಅಪ್ಪ. ಆ ಕೈ ಅಲ್ಲಿರುವುದನ್ನು ನೋಡಿ ಮತ್ತೆ ಒಂದು ಸಲ ಎದೆ ಧಗ್ಗೆಂದಿತು.

“ಅಕ್ಕಾ, ಯಾಕ ಹಿಂಗ ಮಾಡಿದ್ರಿ?” ಗಂಗಾಬಾಯಿ ಅಳುತ್ತಿದ್ದಳು.

“ಸಂಡೂರಿನ ಪಾಸ್‌ಪೋರ್ಟಿಗೆ ನಿನ್ನ ತವರ ಹೆಸರು ಕೇಳಿದ್ರು,” ಎಂದಳು ಕೃಷ್ಣಾಬಾಯಿ. ಹತ್ತು ಮಾರು ದೂರಕ್ಕೆ ಕೇಳಬೇಕೆಂದರೆ ಕೂಗಿಯೇ ಹೇಳಬೇಕು. “ನನಗ ಗೊತ್ತಿತ್ತು. ಗೊತ್ತಿದ್ದೂ ಹೇಳ್ಲಿಲ್ಲ.”

“ನನಗೂ ಗೊತ್ತದ ಅಕ್ಕಾ. ನಾಕಾದಾಗ ಕುಂತಾಗನ ತಿಳೀತು. ನಿಮ್ಮನ್ನ ಬಿಟ್ಟು ಮನ್ಯಾಗ ಯಾರನ್ನ ಕೇಳ್ತಾರ ಭಾವ?”

“ಮತ್ತ ಅತ್ತ್ಯಾರ ಮುಂದ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನಿಮಗ ಬೈತಿದ್ರಲ್ಲಾ.”

ನೋಡು, ಇದರಲ್ಲೂ ಇವಳೇ ಮುಂದೆ! ಕೃಷ್ಣಾಬಾಯಿಗೆ ಸಿಟ್ಟೂ ಬಂತು, ಅಳುವಿನ ನಡುವೆ ನಗುವೂ ಬಂತು.

ಅಪ್ಪ ಇವರ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಉಳಿದ ಒಂದು ಕಣ್ಣನ್ನು ಕಿರಿದು ಮಾಡಿ, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ಹುಡುಕುತ್ತಿದ್ದರು.

“ಕಾಣೂದಿಲ್ಲಲ್ಲವಾ. ಎಲ್ಲಾ ಬರೇ ಬೆಳ್ಳಗ ಅದ,” ಎಂದರು. “ಹತ್ತು ದಿನ ಅಂದ್ರಲ್ಲಾ? ಇರಲಿ. ಅಲ್ಲೀತನಕ ಕಣ್ಣು ಇಟಗೊಂಡಿರ್ತೀನಿ.” ಆಮೇಲೆ ಕೈಯನ್ನು ಗಂಗಾಬಾಯಿಯ ಭುಜದಿಂದ ತೆಗೆದು, ಬಾಯಿಗೆ ಅಡ್ಡ ಹಿಡಿದು, ಹೊಳೆಯ ದಂಡೆಯಿಂದ ಮಗಳನ್ನು ಊಟಕ್ಕೆ ಕರೆಯುತ್ತಿದ್ದ ಹಳೆಯ ದನಿಯಲ್ಲಿ ಕೂಗಿದರು.

“ಗಂಗಾ! ಏ ಗಂಗಾ!”

ರೂಢಿಯ ಮೇಲೆ ಗಂಗಾಬಾಯಿಯ ತುಟಿ ತೆರೆಯಿತು. ತೆರೆದದ್ದನ್ನು ಅವಳು ಸೆರಗಿನಿಂದ ಮುಚ್ಚಿಕೊಂಡು, ಅಪ್ಪನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

“ಓ!” ಎಂದಳು ಗುಡಿಸಲಿನವಳು. ಐದು ವರ್ಷ ನುಂಗಿದ್ದು ಒಮ್ಮೆಲೇ ಬಂದದ್ದಕ್ಕೋ ಏನೋ, ಹುಣಸೆಯ ಮರದ ಕೆಳಗಿದ್ದ ಕೊಟ್ರಬಸಪ್ಪನೂ ತಿರುಗಿ ನೋಡಿದ. “ಓ, ಅಪ್ಪಾ! ಇಲ್ಲೇ ಇದ್ದೀನಿ.”